ಯಾಕೆ ಎಂದು ಯಾರೂ ಕೇಳದ ಲೈನು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆತ್ತವ್ವನೇ ಹೇಳುತ್ತಿದ್ದಳು. ಇರಲಿ. ನಮ್ಮ ಲೈನಿನ ಸಭೆಯಲ್ಲಿ ಒಂದು ಸಲ ಕೂತು ಎದ್ದು ಬಂದವರಿಗೂ ಕೋಪ ಬರದಿದ್ದರೆ ಅವರ ಮೈಯಲ್ಲಿ ರಕ್ತವೇ ಇಲ್ಲ ಎನ್ನಬೇಕು. ಅಷ್ಟು ಮನೆಯವರು ಸೇರಿ, ಅಷ್ಟು ಹೊತ್ತು ಕೂತು, ಕೊನೆಗೆ ಸೀರೆಗೆ ಅಂಟಿದ ಮಣ್ಣು ಕೊಡವಿಕೊಂಡು ಏಳುವುದೇ ನಾವು ಮಾಡಿದ ಕೆಲಸ. ಆ ಮಣ್ಣಿನಲ್ಲೇ ನನ್ನ ಗಂಡನನ್ನೂ ಕಳೆದುಕೊಂಡೆ.

ಲೈನು ಎಂದರೆ ಕೋರಮಂಡಲ್‌ನಲ್ಲಿ ಚಿನ್ನದ ಗಣಿ ಕೆಲಸದವರಿಗೆಂದು ಕಂಪನಿ ಕಟ್ಟಿಸಿದ್ದ ಸಾಲುಮನೆಗಳು. ಎದುರುಬದುರು ಎರಡು ಸಾಲು, ನಡುವೆ ಓಣಿ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಮನೆಗಳಲ್ಲಿ ನಾವಿದ್ದೇವೆ, ಆದರೆ ಅವು ಇಂದಿಗೂ ನಮ್ಮ ಯಾರ ಹೆಸರಿಗೂ ಆಗಿಲ್ಲ. ಇದ್ದ ಒಂದು ಕೋಣೆ ಸಾಲದೆ ಎಲ್ಲರೂ ಮುಂದಕ್ಕೆ ತಗಡಿನ ಶೀಟು ಇಳಿಸಿಕೊಂಡರು. ಒಬ್ಬರಿಗೆ ಅಡುಗೆಮನೆ, ಒಬ್ಬರಿಗೆ ಬಚ್ಚಲು, ಇನ್ನೊಬ್ಬರಿಗೆ ಮೇಕೆ ಕಟ್ಟುವ ಜಾಗ. ಓಣಿ ಸಣ್ಣಗಾಗುತ್ತ ಹೋಗಿ, ಈಗ ಎದುರಿಗೆ ಒಂದು ಬೈಕು ಬಂದರೆ ನಡೆಯುವವರು ಯಾರದೋ ಮನೆಯ ಹೊಸ್ತಿಲ ಮೇಲೆ ಹತ್ತಿ ನಿಲ್ಲಬೇಕು.

ನನ್ನ ತವರು ಬಂಗಾರಪೇಟೆ ಪಕ್ಕದ ಹಳ್ಳಿ. ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಮನೆ. ಅಲ್ಲೂ ಸಭೆ ಸೇರುತ್ತಿದ್ದರು. ಮುಂದೆ ಕೂತ ನಾಲ್ಕು ಜನ ಮೊದಲೇ ತೀರ್ಮಾನ ಮಾಡಿಕೊಂಡು ಬಂದು, ಎಲ್ಲರೂ ಒಪ್ಪಿದಿರಲ್ಲ ಎಂದು ಕೇಳುತ್ತಿದ್ದರು. ಹಿಂದೆ ನಿಂತವರು ಬೀಡಿ ಸೇದುತ್ತ ತಲೆಯಾಡಿಸುತ್ತಿದ್ದರು. ಒಪ್ಪದವರು ಮನೆಗೆ ಬಂದು ಹೆಂಡತಿಯ ಮುಂದೆ ಬೈದಾಡುತ್ತಿದ್ದರು. ಅದು ನ್ಯಾಯ ಎಂದು ನಾನು ಹೇಳುವುದಿಲ್ಲ. ಆದರೆ ಆ ಊರಿಗೆ ರಸ್ತೆ ಬಂತು, ಬೋರ್‌ವೆಲ್ ಬಂತು, ಹಾಲಿನ ವ್ಯಾನು ಬಾಗಿಲಿಗೇ ಬರುತ್ತದೆ.

ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಇಲ್ಲಿಯ ರೀತಿ ನೋಡಿ ನಗು ಬಂದಿತ್ತು. ತಿಂಗಳ ಕೊನೆಯ ಭಾನುವಾರ ಓಣಿಯ ಬಾಯಲ್ಲಿರುವ ನಲ್ಲಿಯ ಪಕ್ಕದ ಹೊಂಗೆಮರದ ಕೆಳಗೆ ಎಲ್ಲ ಮನೆಯವರೂ ಸೇರುತ್ತಾರೆ. ಯಾರು ಬೇಕಾದರೂ ವಿಷಯ ಎತ್ತಬಹುದು, ಎಷ್ಟು ಬೇಕಾದರೂ ಮಾತಾಡಬಹುದು. ತಮಿಳಿನವರು ತಮಿಳಿನಲ್ಲಿ, ತೆಲುಗಿನವರು ತೆಲುಗಿನಲ್ಲಿ, ನಮ್ಮಂಥವರು ಕನ್ನಡದಲ್ಲಿ. ಕೊನೆಗೆ ಹಿರಿಯರೊಬ್ಬರು ಮೊದಲ ಮನೆಯಿಂದ ಹಿಡಿದು ಕೊನೆ ಮನೆಯವರೆಗೆ ಒಬ್ಬೊಬ್ಬರ ಮುಖ ನೋಡಿ 'ಸರಿನಾ?' ಎಂದು ಕೇಳುತ್ತಾರೆ. ಒಪ್ಪಿದವರು 'ಸರಿ' ಎನ್ನಬೇಕು. ಒಂದೇ ಒಂದು ಮನೆ ಸುಮ್ಮನಿದ್ದರೆ ಆ ವಿಷಯ ಅಲ್ಲಿಗೇ ಬಿತ್ತು. ಎರಡನೇ ಸಲ ಕೇಳುವಂತಿಲ್ಲ. ಯಾಕೆ ಸುಮ್ಮನಿದ್ದೆ ಎಂದು ಕೇಳುವುದಂತೂ ಮಹಾ ತಪ್ಪು, ಅಲ್ಲೂ ಕೇಳುವಂತಿಲ್ಲ, ಆಮೇಲೆ ಮನೆಗೆ ಹೋಗಿಯೂ ಕೇಳುವಂತಿಲ್ಲ. ಬೇಕಾದರೆ ಮುಂದಿನ ತಿಂಗಳು ಅದೇ ವಿಷಯವನ್ನು ಮತ್ತೆ ಎತ್ತಬಹುದು.

ಇದು ಗಣಿಯ ಒಳಗಿನಿಂದ ಬಂದ ರೀತಿ. ಮದ್ದು ಸಿಡಿಸಿದ ಮೇಲೆ ಹೊಸ ಜಾಗಕ್ಕೆ ಕಾಲಿಡುವ ಮುಂಚೆ ಗ್ಯಾಂಗಿನವರೆಲ್ಲ ಹಾರೆಯಿಂದ ತಲೆಯ ಮೇಲಿನ ಕಲ್ಲು ತಟ್ಟಿ ಸದ್ದು ಕೇಳುತ್ತಿದ್ದರಂತೆ. ಆಮೇಲೆ ಮೇಸ್ತ್ರಿ ಒಬ್ಬೊಬ್ಬರನ್ನೂ 'ಸರಿನಾ?' ಎನ್ನುತ್ತಿದ್ದ. ಎಲ್ಲರೂ ಸರಿ ಎಂದರೆ ಒಳಗೆ. ಒಬ್ಬ ಸುಮ್ಮನಿದ್ದರೂ ಗ್ಯಾಂಗು ಪೂರ್ತಿ ಹೊರಗೆ. ಯಾಕೆ ಎಂದು ಕೇಳಿದರೆ ಏನು ಗಂಟು ಹೋಗುತ್ತಿತ್ತು ಎಂದು ನಮ್ಮ ಯಜಮಾನರನ್ನು ಒಮ್ಮೆ ಕೆಣಕಿದ್ದೆ. ಆಗ ಅವರು ಹೇಳಿದ್ದು ಇಷ್ಟು: "ಯಾಕೆ ಅಂತ ಕೇಳಿದ್ರೆ ಎದ್ರಿಕೊಂಡೋನು ನಾಚ್ಕೊಂಡು ಸರಿ ಅಂದ್‌ಬಿಡ್ತಾನೆ ಕಣೇ. ಆಮೇಲೆ ಎಲ್ರೂ ಒಳಗೋಗಿ ಸಾಯ್ತೀವಿ."

ಹೆಚ್ಚಿನ ಸಲ ಏನೂ ಬೀಳುತ್ತಿರಲಿಲ್ಲ. ಸುಮ್ಮನೆ ಕೂತಿದ್ದಕ್ಕೆ ಮೇಲಿನವರಿಂದ ಬೈಗುಳ ಸಿಗುತ್ತಿತ್ತು, ಅಷ್ಟೆ. ಒಂದು ಸಲ ಬಿತ್ತು. ಆ ದಿನ ಸುಮ್ಮನಿದ್ದವನು ನಮ್ಮ ಪಕ್ಕದ ಮನೆಯವನು. ಅವನು ಬಾಯಿ ಬಿಡಲಿಲ್ಲ, ಇವರೆಲ್ಲ ಹೊರಗೆ ಕೂತರು. ತಂದಿದ್ದ ಬುತ್ತಿ ಬಿಚ್ಚುವಷ್ಟರಲ್ಲಿ ಒಳಗಿನ ಮೇಲ್ಕಲ್ಲು ಪೂರ್ತಿ ಕುಸಿಯಿತು. ಆಗ ನಮಗೆ ಇನ್ನೂ ಮದುವೆಯಾಗಿರಲಿಲ್ಲ. ಅವನೊಬ್ಬ ಅಂದು ಸರಿ ಎಂದಿದ್ದರೆ ನನಗೆ ಈ ಗಂಡನೂ ಇಲ್ಲ, ಈ ಲೈನೂ ಇಲ್ಲ. ಗಣಿ ಮುಚ್ಚಿದ ಮೇಲೆ ಪಕ್ಕದ ಮನೆಯವನು ಕಾಯಿಲೆಯಾಗಿ ಹೋದ. ಅವನ ಹೆಂಡತಿ ಮನೆ ಮುಂದೆ ಶೀಟು ಇಳಿಸಿ, ಒಲೆ ಹಾಕಿ, ಇಡ್ಲಿ ಮಾಡಿ ಮಾರುವುದಕ್ಕೆ ಕೂತಳು. ಬೆಳಿಗ್ಗೆ ಬೆಂಗಳೂರಿನ ರೈಲಿಗೆ ಓಡುವವರೆಲ್ಲ ಅವಳ ಹತ್ತಿರ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವಳು ನನಗಿಂತ ದೊಡ್ಡವಳು, ಎಲ್ಲರಿಗೂ ಇಡ್ಲಿ ಅಕ್ಕ.

ನಮ್ಮ ಯಜಮಾನರು ಗಣಿ ಬಿಟ್ಟ ಮೇಲೆ ಬೆಂಗಳೂರಿನಲ್ಲಿ ವಾಚ್‌ಮನ್ ಆಗಿದ್ದರು. ಆ ರೈಲಿನಲ್ಲಿ ಹೋಗಿ ಬಂದೇ ಆಯುಸ್ಸು ಸವೆಸಿದರು. ಎದೆಯೊಳಗೆ ಸೇರಿದ್ದ ಕಲ್ಲಿನ ದೂಳು ಮಾತ್ರ ಅವರ ಜೊತೆಗೇ ಇತ್ತು. ಮೊದಲು ಕೆಮ್ಮು, ಆಮೇಲೆ ಏದುಸಿರು, ಆಮೇಲೆ ನಲ್ಲಿಯವರೆಗೆ ನಡೆಯಲಾರದಷ್ಟು ಸುಸ್ತು. ಬೇಸಿಗೆ ಗಾಳಿಗೆ, ಚಿನ್ನ ತೆಗೆದ ಕಲ್ಲುಪುಡಿ ಸುರಿದ ಸೈನೈಡ್ ದಿಬ್ಬದ ಬಿಳಿ ದೂಳು ಎದ್ದು ಲೈನಿನ ಮೇಲೆ ಬಂದರೆ ಅವರು ಗೋಡೆ ಹಿಡಿದು ಕೂತುಬಿಡುತ್ತಿದ್ದರು. ತವರಿನಿಂದ ತಮ್ಮ ಬಂದು, ನಮ್ಮ ಮನೆಗೆ ಬಂದು ಇರಿ ಭಾವ ಎಂದು ಕೈ ಮುಗಿದ. ಹೆಂಡತಿಯ ತವರಿನಲ್ಲಿ ಕೆಮ್ಮುತ್ತ ಮಲಗುವ ಗಂಡಸು ನಾನಲ್ಲ ಎಂದು ಅವನನ್ನು ಕಾಫಿ ಕುಡಿಸಿ ಕಳಿಸಿದರು.

ಒಂದು ದಿನ ಮಧ್ಯಾಹ್ನ ಅವರ ಉಸಿರು ಕಟ್ಟಿತು. ಆಂಬುಲೆನ್ಸಿಗೆ ಫೋನ್ ಮಾಡಿದೆ, ಬಂತು, ಆದರೆ ನಲ್ಲಿಯ ಹತ್ತಿರವೇ ನಿಂತಿತು. ಒಳಗೆ ಬರುವುದಕ್ಕೆ ದಾರಿ ಎಲ್ಲಿದೆ? ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡರು. ಇಡ್ಲಿ ಅಕ್ಕನ ಒಲೆಯ ಹತ್ತಿರ ಓಣಿ ಎಲ್ಲಕ್ಕಿಂತ ಇಕ್ಕಟ್ಟು. ಅಲ್ಲಿ ಕುರ್ಚಿಯನ್ನು ಓರೆ ಮಾಡಬೇಕಾಯಿತು, ಅವರ ತಲೆ ಒಂದು ಕಡೆಗೆ ವಾಲಿತು. ಅಂದು ಹೇಗೋ ಉಳಿದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಉಸಿರು ಕಟ್ಟಿದಾಗ ಇವರನ್ನು ಹೀಗೆ ಎತ್ತಿ ಅಲ್ಲಾಡಿಸಬೇಡಿ, ವ್ಯಾನು ಬಾಗಿಲಿಗೇ ಬರಬೇಕು, ಇನ್ನೊಂದು ಸಲ ಹೀಗಾದರೆ ನಾನು ಹೇಳಲಾರೆ ಎಂದರು.

ಬಾಗಿಲಿಗೇ ಬರಬೇಕು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇಷ್ಟಕ್ಕೆ ಎರಡು ಕಡೆಯವರೂ ಮುಂದಿನ ಶೀಟುಗಳನ್ನು ಒಂದು ಮಾರು ಹಿಂದಕ್ಕೆ ತೆಗೆದುಕೊಂಡರೆ ಸಾಕಿತ್ತು. ಮುನಿಸಿಪಾಲಿಟಿಯಲ್ಲಿ ಕೇಳಿದೆ. ನೀವೇ ಎಲ್ಲರೂ ಒಪ್ಪಿ ತೆಗೆದರೆ ಕಾಂಕ್ರೀಟ್ ಹಾಕಿಸುತ್ತೇವೆ, ಜಗಳದ ಜಾಗಕ್ಕೆ ನಾವು ಬರುವುದಿಲ್ಲ ಎಂದರು. ಎಲ್ಲರೂ ಒಪ್ಪಿ. ನಮ್ಮ ಲೈನಿನಲ್ಲಿ. ಬಸ್ಸಿನಲ್ಲಿ ವಾಪಸು ಬರುವಾಗ ಒಬ್ಬಳೇ ನಕ್ಕೆ, ಪಕ್ಕದಲ್ಲಿ ಕೂತವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಆದರೂ ಸಭೆಯಲ್ಲಿ ಎತ್ತಿದೆ. ಮೊದಲ ತಿಂಗಳು ವಿಷಯ ಬೈಕಿನವನ ಮನೆಗೆ ಬರುವಷ್ಟರಲ್ಲಿ ಬಿತ್ತು. ಅವನು ಬೈಕು ನಿಲ್ಲಿಸುವ ಶೆಡ್ಡು ಓಣಿಯಲ್ಲೇ ಇತ್ತು. ಮುಂದಿನ ತಿಂಗಳು ಅವನು ಸರಿ ಎಂದ, ಮೇಕೆಯವರು ಸುಮ್ಮನಾದರು. ಅದರ ಮುಂದಿನ ತಿಂಗಳು ಮೇಕೆಯವರು ಸರಿ ಎಂದರು, ಇವನು ಏನೋ ಯೋಚಿಸಿ ಮತ್ತೆ ಬಾಯಿ ಮುಚ್ಚಿಕೊಂಡ. ಕೇಳುವ ಹಿರಿಯರು ಯಾರು ಎನ್ನುತ್ತೀರಿ? ನಮ್ಮ ಯಜಮಾನರೇ. ಮೇಸ್ತ್ರಿಗಳೆಲ್ಲ ತೀರಿಕೊಂಡ ಮೇಲೆ ಅದು ಇವರ ಪಾಲಿಗೆ ಬಂದಿತ್ತು. ತಮ್ಮ ಉಸಿರಿನ ದಾರಿಯನ್ನು ತಾವೇ ಮನೆಮನೆಗೆ ಏದುತ್ತ ಕೇಳುವುದು, ಒಬ್ಬರು ಸುಮ್ಮನಾದ ಕೂಡಲೇ "ಆಯ್ತು, ಬಿಡಿ" ಎಂದು ನಿಲ್ಲಿಸುವುದು. ಆ "ಬಿಡಿ" ಕೇಳಿದಾಗಲೆಲ್ಲ ನನ್ನ ಮೈ ಉರಿದುಹೋಗುತ್ತಿತ್ತು.

ಕಡೆಗೆ ನಾನು ರೀತಿ ಮುರಿದೆ. ಮನೆಮನೆಗೆ ಹೋಗಿ ಯಾಕೆ ಎಂದು ಕೇಳಿದೆ. ಮೊದಲು ಎಲ್ಲರೂ ಬೆದರಿದರು. ಯಾರೂ ಕೇಳದ ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಯಾರು ಕೂತಿರುತ್ತಾರೆ? ನಿಧಾನವಾಗಿ ಒಬ್ಬೊಬ್ಬರೂ ಬಾಯಿಬಿಟ್ಟರು. ಬೈಕೂ ಅಲ್ಲ, ಮೇಕೆಯೂ ಅಲ್ಲ, ಎಲ್ಲರ ಹೊಟ್ಟೆಯಲ್ಲಿ ಇದ್ದದ್ದು ಒಂದೇ ಹೆದರಿಕೆ. ಮುಂದಿನ ಶೀಟು ತೆಗೆದರೆ ಅದು ನಮ್ಮದಲ್ಲ ಎಂದು ನಾವೇ ಒಪ್ಪಿಕೊಂಡ ಹಾಗಾಗುತ್ತದೆ, ನಾಳೆ ಹಿಂದಿನ ಕೋಣೆಯನ್ನೂ ಬಿಡಿ ಎನ್ನುತ್ತಾರೆ. ಅಷ್ಟೂ ಮನೆಯವರಿಗೆ ಒಂದೇ ಭಯ, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಅಷ್ಟು ಜನವೂ ಮುನಿಸಿಪಾಲಿಟಿ ಮುಂದೆ ಹೋಗಿ ಕೂತರೆ ಯಾರು ಮನೆ ಬಿಡಿಸುತ್ತಾರೆ ಎಂದು ಬೈದೆ, ಬೇಡಿಕೊಂಡೆ, ತವರಿನಿಂದ ಬಂದ ಗಿಣ್ಣುಹಾಲನ್ನು ಹಂಚಿದೆ. ಮೆಲ್ಲಗೆ ಒಪ್ಪಿದರು.

ಈ ಸುತ್ತಾಟ ಯಜಮಾನರಿಗೆ ಗೊತ್ತಾಗಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಬಿಡಲಿ ಎಂದುಕೊಂಡೆ. ಕೊನೆಗೆ ಇಡ್ಲಿ ಅಕ್ಕನ ಹತ್ತಿರ ಹೋದೆ. ಅವಳ ಒಲೆಗೆ ಹಿಂದಕ್ಕೆ ಸರಿಯುವುದಕ್ಕೆ ಜಾಗವೇ ಇಲ್ಲ, ಹಿಂದೆ ಅವಳು ಮಲಗುವ ಕೋಣೆಯ ಬಾಗಿಲು. ಶೀಟು ಹೋದರೆ ಅವಳ ಇಡ್ಲಿಯೂ ಹೋಯಿತು. ನಮ್ಮ ಮನೆ ಮುಂದೆ ಒಲೆ ಹಾಕಿಕೋ ಅಕ್ಕ ಎಂದೆ. ನಿನ್ನ ಗಂಡನಿಗೆ ಹೊಗೆ ಆಗುತ್ತದಾ ಎಂದಳು ತಮಿಳಿನಲ್ಲಿ. ನಾನು ನಮ್ಮ ಬಾಗಿಲ ಕಡೆ ತಿರುಗಿ ನೋಡಿದೆ. ನೀನು ಹೇಳಿದ ಮೇಲೆ ಸರಿಯಮ್ಮ ಎಂದು ಅವಳೇ ನನ್ನ ಕೈ ತಟ್ಟಿ ಕಳಿಸಿದಳು.

ಆ ಭಾನುವಾರ ಎಲ್ಲರೂ ಬಂದಿದ್ದರು. ಯಜಮಾನರನ್ನು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತು ತಂದು ಮರದ ಕೆಳಗೆ ಕೂರಿಸಿದರು. ಅವರು ಕೇಳುತ್ತ ಹೋದರು. ಮೊದಲ ಮನೆ ಸರಿ. ಬೈಕಿನವನು ಸರಿ. ಮೇಕೆಯವರು ಸರಿ. ನಾನು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೂತಿದ್ದೆ. ಇಷ್ಟು ವರ್ಷದಲ್ಲಿ ಆ ಮರದ ಕೆಳಗೆ ಅಷ್ಟು ಸರಿಗಳನ್ನು ಒಟ್ಟಿಗೆ ಕೇಳಿದ್ದು ಅದೇ ಮೊದಲು. ಇಡ್ಲಿ ಅಕ್ಕನ ಸರದಿ ಬಂತು. ಅವಳು ತಲೆ ಎತ್ತಲಿಲ್ಲ. ತುಟಿ ಅಲುಗಾಡಿತು. ಅನ್ನು ಅಕ್ಕ, ಅನ್ನು ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಸುತ್ತಲಿನವರು ಅಂದಳು ಅಂದಳು, ಮುಂದೆ ಕೇಳಿ ಎಂದರು. ಅವಳೂ ಇಲ್ಲ ಎನ್ನಲಿಲ್ಲ.

ಯಜಮಾನರು ಅವಳನ್ನೇ ಸ್ವಲ್ಪ ಹೊತ್ತು ನೋಡಿದರು. "ನಂಗೆ ಕೇಳಿಸ್ಲಿಲ್ಲ," ಎಂದರು. "ಆಯ್ತು, ಬಿಡಿ."

ಮನೆಗೆ ಬಂದ ಮೇಲೆ ನಾನು ಮನುಷ್ಯಳಾಗಿ ಉಳಿಯಲಿಲ್ಲ. ಪಾತ್ರೆ ಎತ್ತಿ ಕುಕ್ಕಿದೆ. ಬಾಯಿಗೆ ಬಂದಂತೆ ಬೈದೆ. ಕಾಯಿಲೆ ಬಿದ್ದ ಗಂಡನನ್ನು ಬೈಯಬಾರದು ಎಂಬುದು ನನಗೂ ಗೊತ್ತು, ಆದರೆ ಆ ಗಳಿಗೆಯಲ್ಲಿ ಅವರಿಗಿಂತ ದೊಡ್ಡ ಶತ್ರು ನನಗೆ ಇರಲಿಲ್ಲ.

"ನಿಮ್ಮ ಉಸ್ರಿಗಿಂತ ಆಯಮ್ಮನ ಒಲೆ ಎಚ್ಚಾ?" ಎಂದು ಕೇಳಿದೆ.

ಅವರು ಒಂದು ಮಾತಿಗೂ ಮೂರು ಸಲ ಉಸಿರು ಎಳೆಯಬೇಕಾಗಿತ್ತು. "ಅವ್ಳ ಗಂಡ ಅವತ್ತು ಬಾಯಿ ಬಿಡ್ಲಿಲ್ಲ ಅಂತ ನಾನಿದೀನಿ. ಇವತ್ತು ಅವ್ಳು ಬಾಯಿ ಬಿಡ್ದೇ ಇದ್ರೂ ಬಿಟ್ಳು ಅಂತ ಸುಳ್ಳೇಳಿ ನಾನು ಉಸ್ರಾಡ್ಲಾ? ಎಂಗೇ ಆಡ್ಲಿ?"

ನಾನು ಬಾಗಿಲಿಗೆ ಹೋಗಿ ನಿಂತೆ. ಪಕ್ಕದಲ್ಲಿ ಇಡ್ಲಿ ಅಕ್ಕ ಮಾರನೆಯ ದಿನಕ್ಕೆ ಉದ್ದು ನೆನೆಹಾಕುತ್ತಿದ್ದಳು. ನನ್ನನ್ನು ನೋಡಿ ಕೈ ಹಾಗೇ ನಿಲ್ಲಿಸಿದಳು. ನಾನು ಮುಖ ತಿರುಗಿಸಿಕೊಂಡು ಒಳಗೆ ಬಂದೆ.

ಮುಂದಿನ ಸಭೆಯವರೆಗೆ ಯಜಮಾನರು ಉಳಿಯಲಿಲ್ಲ. ಒಂದು ಬೆಳಿಗ್ಗೆ, ರೈಲಿನವರೆಲ್ಲ ಇಡ್ಲಿ ಕಟ್ಟಿಸಿಕೊಂಡು ಹೋದ ಸ್ವಲ್ಪ ಹೊತ್ತಿಗೆ, ಉಸಿರು ಕಟ್ಟಿತು. ಮತ್ತೆ ಫೋನು, ಮತ್ತೆ ನಲ್ಲಿಯ ಹತ್ತಿರ ನಿಂತ ವ್ಯಾನು, ಮತ್ತೆ ಅದೇ ಕುರ್ಚಿ. ಆ ಹೊತ್ತಿಗೆ ಗಂಡಸರು ಯಾರು ಇರುತ್ತಾರೆ? ಹೆಂಗಸರೇ ಎತ್ತಿಕೊಂಡೆವು. ಒಲೆಯ ಹತ್ತಿರ ಬಂದಾಗ ಓರೆ ಮಾಡಲು ಹೋಗಿ ಕುರ್ಚಿಯ ಕಾಲು ಶೀಟಿನ ಕಂಬಕ್ಕೆ ಸಿಕ್ಕಿಕೊಂಡಿತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಯಜಮಾನರ ತುಟಿ ನೀಲಿಯಾಗುತ್ತಿತ್ತು.

ಇಡ್ಲಿ ಅಕ್ಕ ಒಲೆಯ ಹಿಂದಿನಿಂದ ಎದ್ದು ಬಂದಳು. ಬಂದವಳೇ ಆ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಕಿತ್ತಳು. ಶೀಟು ಅವಳ ಭುಜದ ಮೇಲೆ ಬಿತ್ತು, ಇಡ್ಲಿ ಪಾತ್ರೆ ಒಲೆಯಿಂದ ಉರುಳಿ ಬಿಸಿನೀರೆಲ್ಲ ಓಣಿಗೆ ಚೆಲ್ಲಿತು. ಅವಳು ಕೈಯಲ್ಲಿ ರಕ್ತ ಸುರಿಯುತ್ತಿದ್ದರೂ ಒಲೆಯ ಇಟ್ಟಿಗೆಗಳನ್ನು ಕಾಲಿನಿಂದ ಒದ್ದು ದಾರಿ ಮಾಡುತ್ತಿದ್ದಳು. ಯಜಮಾನರಿಗೆ ಇನ್ನೂ ಪ್ರಜ್ಞೆಯಿತ್ತು. ಅದನ್ನು ನೋಡಿ ಕೈ ಎತ್ತಿ ಬೇಡ ಎಂಬಂತೆ ಆಡಿಸಿದರು. ನಲ್ಲಿಯ ಹತ್ತಿರ ತಲುಪಿ, ವ್ಯಾನಿನವರು ಮೂಗಿಗೆ ಆಕ್ಸಿಜನ್ ಇಡುವ ಹೊತ್ತಿಗೆ ಆ ಕೈ ಮಡಿಲಲ್ಲಿ ಬಿದ್ದಿತ್ತು.

ಅವರ ಕಾರ್ಯವೆಲ್ಲ ಮುಗಿದ ಮೇಲೆ ಲೈನು ಸೇರಿತು. ಕೇಳುವ ಜಾಗದಲ್ಲಿ ಬೈಕಿನವನ ಅಪ್ಪನನ್ನು ಕೂರಿಸಿದರು. ದಾರಿಯ ವಿಷಯವನ್ನು ಎತ್ತಿದ್ದು ನಾನಲ್ಲ, ಲೈನಿನವರೇ. ಕೊನೆ ಮನೆಯಲ್ಲಿ ಇನ್ನೊಬ್ಬರಿಗೆ ಅದೇ ದೂಳು, ಅದೇ ಕೆಮ್ಮು ಶುರುವಾಗಿದೆ, ಇನ್ನು ತಡ ಬೇಡ ಎಂದರು. ಎಲ್ಲರ ಮುಖದಲ್ಲೂ ತಪ್ಪು ಮಾಡಿದವರ ಕಳೆ. ಸರಿ, ಸರಿ, ಸರಿ ಎಂದು ಒಂದೇ ಸಮನೆ ಬಂತು. ಬೇಕಾದಾಗ ಬಾರದ ಮಾತು ಈಗ ಹೇಗೆ ನೀರು ಹರಿದಂತೆ ಬರುತ್ತಿದೆ ನೋಡು ಎಂದು ನನ್ನ ಹೊಟ್ಟೆ ಉರಿಯಿತು.

ಇಡ್ಲಿ ಅಕ್ಕನನ್ನು ಕೇಳಿದರು. ಅವಳು ಮತ್ತೆ ಒಲೆ ಕಟ್ಟಿರಲಿಲ್ಲ. ಕಿತ್ತ ಶೀಟು ಗೋಡೆಗೆ ಒರಗಿಕೊಂಡೇ ಇತ್ತು, ಅವಳ ಮನೆ ಮುಂದೆ ಹೊಗೆ ಎದ್ದು ಎಷ್ಟು ದಿನವಾಯಿತೋ. ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದವಳು ತಲೆ ಎತ್ತಿ, ಎಲ್ಲರಿಗೂ ಕೇಳಿಸುವಂತೆ, ನನ್ನ ಮುಖ ನೋಡಿಕೊಂಡೇ "ಸರಿ" ಎಂದಳು.

ಅಂಥ ಸರಿಯನ್ನು ನಾನು ಹಿಂದೆ ಕೇಳಿರಲಿಲ್ಲ. ಹೆದರಿಕೊಂಡವನು ನಾಚಿಕೊಂಡು ಸರಿ ಎಂದುಬಿಡುತ್ತಾನೆ ಎಂದು ಯಜಮಾನರು ಹೇಳಿದ್ದು ಇದನ್ನೇ ಎಂದು ಆಗ ಗೊತ್ತಾಯಿತು.

ಆಮೇಲೆ ನಮ್ಮ ಮನೆ. "ಸರಿನಾ?" ಎಂದರು.

ಕೊನೆ ಮನೆಯ ಕೆಮ್ಮು ನನಗೆ ಕೇಳಿಸುತ್ತಿತ್ತು. ಆ ಮನೆಯ ಹೆಂಗಸು ನನ್ನನ್ನೇ ನೋಡುತ್ತಿದ್ದಳು, ನಾನು ಅಂದು ಇಡ್ಲಿ ಅಕ್ಕನ ತುಟಿಯನ್ನು ನೋಡುತ್ತಿದ್ದ ಹಾಗೆಯೇ. ಅನ್ನಬೇಕು ಎಂದುಕೊಂಡೆ, ದೇವರಾಣೆ ಅಂದುಕೊಂಡೆ. ಬಾಯಿ ತೆರೆಯಲಿಲ್ಲ. ಪಕ್ಕದ ಒಲೆ ಇನ್ನೆಂದೂ ಹತ್ತುವುದಿಲ್ಲವಲ್ಲ ಎಂಬ ಸಂಕಟವೋ, ಯಜಮಾನರಿಗೆ ಸಿಗದ ದಾರಿ ಇನ್ನೊಬ್ಬರಿಗೆ ಯಾಕೆ ಸಿಗಬೇಕು ಎಂಬ ಹೊಟ್ಟೆಕಿಚ್ಚೋ, ನನಗೇ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ. ಯಾರಾದರೂ ಕೇಳಲಿ, ಯಾಕಮ್ಮ ಎಂದು ಒಂದೇ ಒಂದು ಸಲ ಕೇಳಲಿ, ಕೇಳಿದರೆ ಎದೆಯಲ್ಲಿರುವುದೆಲ್ಲ ಅತ್ತು ಹೊರಗೆ ಹಾಕಿ, ಕೊನೆಗೆ ಸರಿ ಎಂದುಬಿಡುತ್ತೇನೆ ಎಂದು ಕಾದೆ.

ಬೈಕಿನವನ ಅಪ್ಪ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು, ಯಜಮಾನರು ನೋಡುತ್ತಿದ್ದ ಹಾಗೆಯೇ.

"ಆಯ್ತು," ಎಂದರು. "ಬಿಡಿ."

ಎಲ್ಲರೂ ಮಣ್ಣು ಕೊಡವಿಕೊಂಡು ಎದ್ದರು. ಯಾರೂ ಏನೂ ಕೇಳಲಿಲ್ಲ.